ಶಾರ್ಲ್ ಜೀದ್ ಮತ್ತು ನನ್ನ ತೊಗರಿಬೇಳೆ

ಹಾರ್ಲೆಮ್, ಮಂಗಳವಾರ

ನಮ್ಮ ಸಹಕಾರಿ ಅಂಗಡಿಯ ಅಧ್ಯಕ್ಷರಾದ ಶಾಂತಕ್ಕನವರಿಗೆ, ವಿಜಯೇಂದ್ರನ ತಲೆ ತಗ್ಗಿಸಿದ ನಮಸ್ಕಾರ.

ಕೊಳ್ಳುವವರೇ ಒಂದಾಗಿ ಅಂಗಡಿ ನಡೆಸಿದರೆ ಸಮಾಜ ಸುಧಾರಿಸುತ್ತದೆ ಎಂಬ ಫ್ರೆಂಚ್ ಅರ್ಥಶಾಸ್ತ್ರಜ್ಞ ಶಾರ್ಲ್ ಜೀದ್ ಅವರ ವಿಚಾರವನ್ನು ಭಾನುವಾರದ ಸಭೆಯಲ್ಲಿ ಮೇಜು ಗುದ್ದಿ ಹೇಳಿದವನು ನಾನು. ಸದಸ್ಯರು ಹೀಗೆ ಬೇರೆಡೆ ಕೊಂಡರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂದು ನೀವು ಕಣ್ಣೊರೆಸಿಕೊಂಡಾಗ, ಇನ್ನು ನಮ್ಮ ಅಂಗಡಿಯಲ್ಲೇ ಕೊಳ್ಳುತ್ತೇನೆಂದು ಎಲ್ಲರಿಗಿಂತ ಮೊದಲು ಕೈಯೆತ್ತಿ ಮಾತು ಕೊಟ್ಟವನೂ ನಾನೇ.

ಮರುದಿನವೇ ಸೂಪರ್‌ಮಾರ್ಕೆಟ್ಟಿನ ಸಾಲಿನಲ್ಲಿ ತೊಗರಿಬೇಳೆ ಅಪ್ಪಿಕೊಂಡು ನಿಂತಿದ್ದೆ. ಹಾಲಿಗೆಂದು ಬಂದ ನೀವು ಹಿಂದಿನಿಂದ, "ಏನ್ರೀ ಭಾಷಣಕಾರ್ರ, ಜೀದ್ ಅವ್ರಿಗೂ ಒಂದ್ ಕಿಲೋ ತಗೊಂಡ್ರೇನು?" ಎಂದಿರಿ. ನಾನು ಈ ಊರಿನ ಡಚ್ಚರಂತೆ ಹವಾಮಾನದ ಮಾತು ತೆಗೆದೆ.

ನಿಜ ಹೇಳಿಬಿಡುತ್ತೇನೆ. ಕೊಳ್ಳಲು ಬಂದ ಸದಸ್ಯರು ಒಂದು ಗಂಟೆ ತಕ್ಕಡಿ ಹಿಡಿಯಬೇಕೆಂಬ ನಿಯಮ ಮಾಡಿಸಿದ್ದು ನಾನು. ಅದನ್ನು ತಪ್ಪಿಸಿಕೊಳ್ಳಲೆಂದೇ ಅಲ್ಲಿಗೆ ಹೋಗಿದ್ದೆ.

ದಯವಿಟ್ಟು ಮುಂದಿನ ಭಾಷಣ ಬೇರೆಯವರಿಗೆ ಕೊಡಿ. ಈ ಶನಿವಾರದ ತಕ್ಕಡಿ ಇಡೀ ದಿನ ನನಗಿರಲಿ, ಕಸ ಗುಡಿಸುವುದೂ ಇರಲಿ. ನಮ್ಮ ಅಂಗಡಿಯ ಬೇಳೆಯನ್ನೂ ಎರಡು ಕಿಲೋ ತೆಗೆದಿಡಿ. ಸೂಪರ್‌ಮಾರ್ಕೆಟ್ಟಿನ ಆ ಬೇಳೆಯ ಪೊಟ್ಟಣ ಒಡೆಯಲು ನನಗೆ ಕೈ ಬರುತ್ತಿಲ್ಲ. ನಿನ್ನೆಯಿಂದ ಮನೆಯಲ್ಲಿ ಮಜ್ಜಿಗೆ ಅನ್ನ. "ಶನಿವಾರದ ತನಕ ಭಾಷಣಾನೇ ಕುದಿಸಿ ಸಾರು ಮಾಡ್ಲಾ?" ಎಂದು ಹೆಂಡತಿ ಸೌಜನ್ಯಾ ಕೇಳುತ್ತಿದ್ದಾಳೆ.

ಇಂತಿ, ಇನ್ನೂ ಸದಸ್ಯನೆಂದು ನಂಬಿರುವ,
ವಿಜಯೇಂದ್ರ