ಏಳನೇ ‘ಬಿ’ಯಲ್ಲಿ ಮಾತಿಲ್ಲದ ಆರು ವಾರ

ನವೆಂಬರ್ 6, ಸೋಮವಾರ
ನಲವತ್ತೊಂದರಲ್ಲಿ ಮೂವತ್ತು ನೋಟ್‌ಬುಕ್ ತಿದ್ದಿದ್ದಾಯಿತು. ಮೈನಸ್ ಚಿಹ್ನೆಯನ್ನು ಅರ್ಧ ಕ್ಲಾಸು ನುಂಗಿ ನೀರು ಕುಡಿದಿದೆ.
ಸಂಜೆ ಗಂಟಲಿನ ಡಾಕ್ಟರ್. ಸ್ವರತಂತುವಿನ ಮೇಲೆ ಗಂಟಂತೆ.
“ಆರು ವಾರ ಮಾತಾಡ್ಬಾರ್ದು. ಪಿಸುಮಾತೂ ಬೇಡ. ಏನ್ ಕೆಲಸ ನಿಮ್ದು?”
“ಟೀಚರ್. ಗಣಿತ. ಇಪ್ಪತ್ತಾರು ವರ್ಷ ಆಯ್ತು.”
“ಹಾಗಾದ್ರೆ ರಜಾ ಹಾಕಿ.”
ತಲೆಯಾಡಿಸಿದೆ. ಹಾಕುತ್ತೇನೆ ಅಂತಲ್ಲ.
ಮನೆಯವರು ಚೀಟಿ ಓದಿ, “ಆರು ವಾರ ಎಲ್ಲಾ ವಾದದಲ್ಲೂ ನಾನೇ ಗೆಲ್ತೀನಿ,” ಎಂದರು. ‘ಕನಸು ಕಾಣಿ’ ಎಂದು ಬರೆದುಕೊಟ್ಟೆ.

ನವೆಂಬರ್ 7
ಹೆಡ್‌ಮಾಸ್ಟರ್ ಲೈಬ್ರರಿ ಬೀಗದ ಕೈ ಮೇಜಿನ ಮೇಲಿಟ್ಟರು.
“ಮಾತಿಲ್ದೆ ಪಾಠ ಹೇಗೆ ಮೇಡಂ? ಅದೂ ಏಳನೇ ಬಿ. ಬೇರೆಯವ್ರನ್ನ ಹಾಕ್ತೀನಿ, ನೀವು ಲೈಬ್ರರಿ ನೋಡ್ಕೊಳ್ಳಿ.”
ಬರೆದೆ: ‘ಎರಡು ವಾರ ಕೊಡಿ. ಬಂದು ನೋಡಿ. ಆಗದಿದ್ದರೆ ಬೀಗದ ಕೈ ನಾನೇ ಕೇಳಿ ಪಡೆಯುತ್ತೇನೆ.’
“ಹಠ ಮಾಡ್ತಿದೀರಿ.”
‘ಹೌದು.’

ನವೆಂಬರ್ 8
ಬೋರ್ಡಿನ ಮೇಲೆ ಬರೆದೆ: ‘ನನಗೆ ಮಾತಿಲ್ಲ. ನಿಮಗುಂಟು.’ ತಪ್ಪಾಯಿತು. ಉಂಟು ಅಂತ ತೋರಿಸಿಯೇ ಬಿಟ್ಟರು. ಡಸ್ಟರ್ ಕುಟ್ಟಿ ಕುಟ್ಟಿ ಮೇಜೆಲ್ಲ ಬಿಳಿಯಾಯಿತೇ ಹೊರತು ಒಬ್ಬರೂ ತಿರುಗಿ ನೋಡಲಿಲ್ಲ.
ಆದರೂ ಇವರನ್ನು ಬಿಡಲಾರೆ. ಹನ್ನೆರಡರ ವಯಸ್ಸು — ಬೆಳಿಗ್ಗೆ ಮುಖ ತಿರುಗಿಸುತ್ತಾರೆ, ಊಟದ ಬಿಡುವಿಗೆ ಬಂದು ಅಂಟಿಕೊಂಡು ಕೂರುತ್ತಾರೆ. ಹೈಸ್ಕೂಲಿಗೆ ಬಡ್ತಿ ಎರಡು ಸಲ ಬಂತು. ಎರಡು ಸಲವೂ ಬೇಡವೆಂದೆ. ಈಗ ಒಂದು ಗಂಟು ನನ್ನನ್ನು ಇಲ್ಲಿಂದ ಎಬ್ಬಿಸುತ್ತದೆಯೇ? ನೋಡೋಣ.

ನವೆಂಬರ್ 10
ಬೆಂಚು ಸರಿಸಿ ನೆಲದ ಮೇಲೆ ಸಂಖ್ಯಾರೇಖೆ ಎಳೆದೆ. ಬಾಗಿಲಿನ ಕಡೆ ಪ್ಲಸ್, ಕಿಟಕಿ ಕಡೆ ಮೈನಸ್. ಸೊನ್ನೆಯ ಮೇಲೆ ನಿಂತು ಸುಮ್ಮನೆ ನಡೆದೆ. ಗಲಾಟೆ ತಾನಾಗಿಯೇ ಇಳಿಯಿತು.
“ಮಿಸ್ ಯಾಕೆ ಹಿಂದೆ ಹಿಂದೆ ಹೋಗ್ತಿದಾರೆ?” — ಯಾಕಮ್ಮನ ದನಿ. ಎಲ್ಲದಕ್ಕೂ ‘ಯಾಕೆ’ ಎನ್ನುವ ಹುಡುಗಿಗೆ ಕ್ಲಾಸು ಇಟ್ಟ ಹೆಸರು. ಸೀಮೆಸುಣ್ಣ ಅವಳ ಕೈಗೇ ಕೊಟ್ಟೆ.

ನವೆಂಬರ್ 22
ಹೆಡ್‌ಮಾಸ್ಟರ್ ಬಂದು ಕೊನೇ ಬೆಂಚಿನಲ್ಲಿ ಕೂತರು. ಜೇಬಿನಲ್ಲಿ ಬೀಗದ ಕೈ.
ಇಪ್ಪತ್ತು ನಿಮಿಷ ಬಿಟ್ಟು ಅವರೇ ಕೈ ಎತ್ತಿದರು. ಮೂಲತಃ ಭಾಷೆಯ ಮೇಷ್ಟ್ರು. “ಮೈನಸ್ಸನ್ನ ಮೈನಸ್ಸಿಂದ ಗುಣಿಸಿದ್ರೆ ಪ್ಲಸ್ ಆಗೋದು ಹೇಗೆ? ನಮ್ಗೆ ಬಾಯಿಪಾಠ ಮಾಡಿಸಿದ್ರು, ಅಷ್ಟೇ.”
“ಬನ್ನಿ ಸಾರ್, ಸೊನ್ನೆ ಮೇಲೆ ನಿಂತ್ಕೊಳ್ಳಿ,” ಎಂದಳು ಯಾಕಮ್ಮ. “ಮೈನಸ್ ಅಂದ್ರೆ ಕಿಟಕಿ ಕಡೆ ತಿರುಗಿ. ಇನ್ನೊಂದು ಮೈನಸ್ ಇದೆಯಲ್ಲ, ಅದಕ್ಕೆ ಹಿಮ್ಮುಖವಾಗಿ ನಡೀರಿ. ಎರಡೆರಡು ಹೆಜ್ಜೆ, ಮೂರು ಸಲ.”
ನಡೆದರು. ತಮ್ಮ ಬೂಟು ನೋಡಿಕೊಂಡರು. “ಪ್ಲಸ್ ಆರು,” ಎಂದರು, ತಮಗೆ ತಾವೇ ಹೇಳಿಕೊಂಡಂತೆ.
ಲೈಬ್ರರಿಯ ಮಾತೆತ್ತಲಿಲ್ಲ. “ಮುಂದಿನ ವಾರಾನೂ ಬರ್ತೀನಿ,” ಎಂದು ಹೋದರು. ತಪಾಸಣೆಗೋ, ಕಲಿಯುವುದಕ್ಕೋ… ನಾನಂತೂ ಕೇಳಲಿಲ್ಲ.

ಡಿಸೆಂಬರ್ 18
ಗಂಟು ಕರಗಿದೆ. ಆದರೆ ಡಾಕ್ಟರ್ ಎಂದರು—
“ಹಳೇ ಧ್ವನಿ ಪೂರ್ತಿ ಬರಲ್ಲ. ದಿನಕ್ಕೆ ಒಂದೆರಡು ಗಂಟೆ, ಅದೂ ಮೆಲ್ಲಗೆ. ಬೇರೆ ಕೆಲಸದ ಯೋಚನೆ ಮಾಡೋದು ಒಳ್ಳೇದು.”
ಆರು ವಾರದ ನಂತರದ ಮೊದಲ ಮಾತು ಅಲ್ಲೇ ಖರ್ಚಾಯಿತು. “ಇಲ್ಲ ಡಾಕ್ಟ್ರೇ.” ಗೊಗ್ಗರು ದನಿ. ನನ್ನದೇ.
ಬಸ್ಸಿನಲ್ಲಿ ಅಳು ಬಂತು. ಎರಡು ಸ್ಟಾಪ್ ಅತ್ತೆ. ಮೂರನೆಯದರಲ್ಲಿ ನಾಳಿನ ಪಾಠ ಯೋಚಿಸತೊಡಗಿದೆ.

ಡಿಸೆಂಬರ್ 19, ಬೆಳಿಗ್ಗೆ 10.40, ಸ್ಟಾಫ್ ರೂಮ್
ಹಾಜರಿ ಕೂಗಿದೆ. ಕೂಗಿದೆ ಎನ್ನುವಷ್ಟೇನಿಲ್ಲ. ನನ್ನ ದನಿ ಕೇಳಲೆಂದು ನಲವತ್ತೊಂದು ಮಕ್ಕಳೂ ಉಸಿರು ಬಿಗಿಹಿಡಿದು ಕೂತಿದ್ದರು. ಇಪ್ಪತ್ತಾರು ವರ್ಷ ಕಿರುಚಿಯೂ ಸಿಗದ ಮೌನ.
ಯಾಕಮ್ಮ ಬಾಗಿಲಲ್ಲಿ ನಿಂತಿದ್ದಾಳೆ. “ಮಿಸ್, ಸೊನ್ನೆಯಿಂದ ಭಾಗಿಸೋಕೆ ಯಾಕೆ ಆಗಲ್ಲ?” ಇದನ್ನು ನಡೆದು ತೋರಿಸಲಾಗದು. ಎಲ್ಲಿಂದ ಶುರು ಮಾಡಲಿ… ಹನ್ನೆರಡು ಪುಸ್ತಕ, ಹಂಚಿಕೊಳ್ಳಲು ಒಬ್ಬರೂ ಇಲ್ಲ, ಆಗ ತಲಾ ಎಷ್ಟು ಎಂದರೆ—