ರೆಕಾರ್ಡಿನೊಳಗಿನ ಗಂಟೆ

ಶಾಖದ ನೂರ ಎಂಬತ್ತೊಂದನೆಯ ವರ್ಷ, ಕೆಳಗಾಳಿ ಮಾಸದ ಮೂವತ್ತೆಂಟನೆಯ ದಿನ
ಒಂಬತ್ತನೆಯ ತಳ, ಕೋಲಾರದ ಹಳೆಯ ಚಿನ್ನದ ಗಣಿ

ಮನೆಯಲ್ಲಿ ರೆಕಾರ್ಡು ತಿರುಗಿಸುವ ಪೆಟ್ಟಿಗೆ ಇಟ್ಟುಕೊಂಡಿರುವ ಹಿರಿಯರಿಗೆ,

ತಾರಿಣಿಯ ನಮಸ್ಕಾರಗಳು. ಮೇಲಿನ ತಾರೀಖು ನಿಮಗೆ ವಿಚಿತ್ರವಾಗಿ ಕಾಣುತ್ತದೆಂದು ಗೊತ್ತು. ನಿಮ್ಮ ಕಾಲದ ಬಹಳ ನಂತರ, ನೆಲದ ಮೇಲಿನ ಶಾಖ ತಡೆಯಲಾರದೆ ಜನ ಗಣಿಗೆ ಇಳಿದ ವರ್ಷದಿಂದ ನಮ್ಮ ಲೆಕ್ಕ. ಚಂದ್ರ ಕಾಣದ ಕಡೆ ತಿಂಗಳನ್ನು ಫ್ಯಾನುಗಳ ಸೋಸುಬಟ್ಟೆ ಬದಲಿಸುವ ದಿನದಿಂದ ಎಣಿಸುತ್ತೇವೆ, ಬಟ್ಟೆ ಬಾಳಿಕೆ ಬಂದಷ್ಟು ದಿನ ತಿಂಗಳು. ನನ್ನ ಕನ್ನಡವನ್ನೂ ಕ್ಷಮಿಸಿ. ನಾನು ಓದಿದ್ದು ಮೇಲ್ತಳದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ. ನನ್ನ ಮಾತಿನಲ್ಲಿ ‘ತುಂಬಾ’ ಎಂಬ ಪದ ತುಂಬಾ ಬರುತ್ತದೆಂದು ನನ್ನ ಗಂಡ ನಗುತ್ತಾನೆ. ನನ್ನ ಗಂಡ. ಈ ಎರಡು ಪದ ಬರೆಯುವ ಆಸೆಗೇ ಕಾಗದ ಶುರುಮಾಡಿದೆನೋ ಏನೋ.

ಅವನ ಹೆಸರು ಮುನೀಂದ್ರ. ಫ್ಯಾನು ನೋಡಿಕೊಳ್ಳುವ ಕೆಲಸ. ಅವನ ಕೈಗೆ ಸದಾ ಎಣ್ಣೆಯ ವಾಸನೆ, ನನಗೆ ಅದು ಎಷ್ಟು ಇಷ್ಟವೆಂದರೆ ಅವನ ಟವೆಲ್ಲನ್ನು ಒಗೆಯದೆ ಎರಡು ದಿನ ಇಟ್ಟುಕೊಂಡಿದ್ದೆ. ಮೇಲ್ತಳ ಮತ್ತು ಒಂಬತ್ತನೆಯ ತಳದ ನಡುವಿನ ಮಾತುಕೊಳವೆಯಲ್ಲಿ ನಾವು ಪರಿಚಯವಾದದ್ದು; ಬಂಡೆಯಲ್ಲಿ ಇಳಿಬಿಟ್ಟ ಉದ್ದನೆಯ ಕಬ್ಬಿಣದ ಪೈಪು ಅದು, ಬಾಯಿಟ್ಟು ಮಾತಾಡಬೇಕು, ಕಿವಿಯಿಟ್ಟು ಕೇಳಬೇಕು. ಮುಖ ನೋಡದೆಯೇ ಒಪ್ಪಿಕೊಂಡೆ. ಆಮೇಲೆ ನೋಡಿದೆ, ಮುಖವೂ ಚೆನ್ನಾಗಿದೆ.

ಇಳಿದು ಬಂದದ್ದು ಕೇಜಿನಲ್ಲಿ. ಗಣಿಯ ಲಿಫ್ಟಿಗೆ ಇಂದಿಗೂ ಅದೇ ಹೆಸರು. ಬಾವಿಯಂಥ ಶಾಫ್ಟಿನ ತಳದಲ್ಲಿ ಅಂಗೈಯಗಲದ ಹಿತ್ತಾಳೆ ಗಂಟೆಯೊಂದು ನೇತಾಡುತ್ತದೆ. ಹೊರಟಿತು ಎನ್ನಲು ಅದನ್ನು ಮೂರು ಸಲ ಬಡಿಯುತ್ತಾರೆ. ಅದಕ್ಕೊಂದು ಸಣ್ಣ ಸೀಳು ಬಿದ್ದಿದೆ, ನಾದ ಮುಗಿಯುವಾಗ ದುಂಬಿಯ ಹಾಗೆ ಗುಂಯ್ ಎನ್ನುತ್ತದೆ. ನಾನು ಇಳಿದು ನಿಂತೆ, ಹಾರ ಸರಿಮಾಡಿಕೊಂಡೆ, ಗಂಟೆ ಬಡಿಯಿತು, ಖಾಲಿ ಕೇಜು ಮೇಲೆ ಹೋಯಿತು. ಎಳೆಯುವ ಯಂತ್ರಕ್ಕೆ ಖಾಲಿ ಕೇಜು ಎತ್ತುವಷ್ಟೇ ಶಕ್ತಿ ಉಳಿದಿದೆ. ಸಾಮಾನೂ ಸೊಸೆಯಂದಿರೂ ಇಳಿಯಬಹುದು, ಯಾರೂ ಹತ್ತುವಂತಿಲ್ಲ. ಇದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿರುವುದು ಬೇರೆ, ಆ ಗುಂಯ್ ಕಿವಿಯಲ್ಲಿ ಉಳಿಯುವುದು ಬೇರೆ.

ನೀರಿರುವುದು ಇಲ್ಲಿ, ಆದ್ದರಿಂದ ಜನವೂ ಇಲ್ಲಿರಲೇಬೇಕು. ನಮ್ಮ ಪಂಪು ನಿಂತರೆ ಮೇಲ್ತಳಕ್ಕೆ ಕುಡಿಯಲು ಇರುವುದಿಲ್ಲ. ಊಟಕ್ಕೆ ಅಣಬೆ ಸಾರು, ಮೇಲಿನಿಂದ ಬಂದ ರಾಗಿಯ ಮುದ್ದೆ. ನನ್ನ ಅತ್ತೆ ಪಾಪಮ್ಮ ಮುದ್ದೆ ತಿರುವುವುದನ್ನು ನೋಡುತ್ತ ಕೂತರೆ ಹೊತ್ತು ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚು ಹೊತ್ತು ಕಳೆಯುವುದು ಕೇಳುಮನೆಯಲ್ಲಿ. ಶಾಫ್ಟಿನ ಪಕ್ಕ ಬಂಡೆ ಕೊರೆದು ಮಾಡಿದ ಕೋಣೆ. ಗೋಡೆಗೆ ಗೋಣಿಚೀಲ, ನಡುವೆ ನಿಮ್ಮ ಕಾಲದ ರೆಕಾರ್ಡು ಪೆಟ್ಟಿಗೆ. ಇಲ್ಲಿಯವರು ಜಾಝ್ ಭಕ್ತರು. ಗಣಿ ನಡೆಯುತ್ತಿದ್ದಾಗ ಇಲ್ಲಿ ದುಡಿಯುತ್ತಿದ್ದ ಏಳು ಜನ ಸಂಜೆ ಕ್ಲಬ್ಬಿನಲ್ಲಿ ಬಾರಿಸುತ್ತಿದ್ದರಂತೆ. ‘ಕೇಜ್‌ಬೆಲ್ ಸೆವೆನ್’ ಎಂದು ಅವರ ತಂಡದ ಹೆಸರು. ಅವರ ‘ಶಿಫ್ಟ್ ಬಿಟ್ಟಾಗ’ ಎಂಬ ರೆಕಾರ್ಡಿನ ಮೂಲಪ್ರತಿ ಉಳಿದಿರುವುದು ನಮ್ಮಲ್ಲಿ ಮಾತ್ರ. ಅದು ನಿಧಾನವಾದ, ಭಾರವಾದ ರಾಗ. ಯಾರಾದರೂ ತೀರಿಕೊಂಡರೆ ಅದನ್ನು ಹಾಕಿ ಎಲ್ಲರೂ ಅಳುತ್ತಾರೆ.

ಅಳದ ದಿನಗಳಲ್ಲಿ ಜಗಳವಾಡುತ್ತಾರೆ. ನನ್ನ ಮಾವ ಮುನಿಶಾಮಪ್ಪನವರಿಗೆ ಮೇಲ್ತಳದವರು ಹಿಂದೆಂದೋ ಮಾಡಿ ಕಳಿಸಿದ ಮರುಮುದ್ರಣ ಇಷ್ಟ. ಅದರಲ್ಲಿ ಗೀರು, ಕೆಮ್ಮು, ಕುರ್ಚಿ ಎಳೆದ ಸದ್ದು ಎಲ್ಲವನ್ನೂ ಅಳಿಸಿದ್ದಾರೆ. ಪಕ್ಕದ ಮನೆಯ ಡೆರಿಕ್ ಅಂಕಲ್‌ಗೆ ಮೂಲಪ್ರತಿಯೇ ದೇವರು.

“ಸೋಪು ಹಾಕಿ ತಿಕ್ಕಿದಂಗೈತೆ ಕಣಯ್ಯ ನಿಂದು,” ಎನ್ನುತ್ತಾರೆ ಡೆರಿಕ್ ಅಂಕಲ್. “ಕ್ಲ್ಯಾರಿನೆಟ್ಟೋ ಕೊಳಾಯಿನೋ ಗೊತ್ತಾಗಲ್ಲ.”

“ನಿಂದ್ರಾಗೆ ಹುರಿಗಡಲೆ ಹುರಿಯೋ ಸದ್ದೇ ಜಾಸ್ತಿ. ಅದ್ನೇ ಕೇಳ್ಕೊಂಡಿರು,” ಎನ್ನುತ್ತಾರೆ ಮಾವ.

ನಾನು ಬಂದ ಹೊಸದರಲ್ಲಿ ಡೆರಿಕ್ ಅಂಕಲ್ ನನಗಾಗಿ ಮೂಲಪ್ರತಿ ಹಾಕಿದರು. ಮೊದಲಿಗೆ ಚರಚರ ಸದ್ದು, ಆಮೇಲೆ ಮೂರು ಸಲ ಗಂಟೆ, ಆಮೇಲೆ ರಾಗ. ಗಂಟೆಯ ಕೊನೆಗೆ ಅದೇ ದುಂಬಿಯ ಗುಂಯ್. ಆದರೆ ನನ್ನ ಕಿವಿಯಲ್ಲಿ ಉಳಿದಿದ್ದ ಗಂಟೆಗಿಂತ ಇದು ಇಳಿದನಿಯಲ್ಲಿತ್ತು, ಜ್ವರ ಬಂದವರ ಗಂಟಲಿನಂತೆ. ಯಾಕೆ ಹೀಗೆ ಎಂದು ಕೇಳಿದೆ. “ಅದು ಬೇರೆ ಗಂಟೆ ಮಗಳೇ, ದೊಡ್ಡದು, ಕಳೆದುಹೋಗೈತೆ,” ಎಂದರು ಅಂಕಲ್. ಎರಡು ಗಂಟೆಗೆ ಒಂದೇ ಸೀಳು ಹೇಗೆ ಬಿತ್ತು ಎಂದು ನಾನು ಕೇಳಲಿಲ್ಲ. ಹೊಸ ಸೊಸೆ.

ಮನೆಗೆ ಬಂದು ಮುನೀಂದ್ರನ ತಲೆ ತಿಂದೆ. ಅವನು ಯೋಚಿಸಿ ಹೇಳಿದ: ಅವನ ತಾತನ ಕಾಲದಿಂದ ಇಲ್ಲಿ ಕರೆಂಟನ್ನು ನಿಧಾನಮಾಡಿ ಬಿಡುತ್ತಾರಂತೆ, ಫ್ಯಾನುಗಳು ಹೆಚ್ಚು ವರ್ಷ ಬಾಳಲಿ ಎಂದು. ರೆಕಾರ್ಡು ಪೆಟ್ಟಿಗೆಯ ಮೋಟರೂ ಅದೇ ಕರೆಂಟಿನಲ್ಲಿ ತಿರುಗುತ್ತದೆ, ತಟ್ಟೆ ನಿಧಾನವಾದರೆ ದನಿಯೂ ಇಳಿಯುತ್ತದೆ. ಹೇಳಿ ಮುಗಿಸಿ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಒಂಬತ್ತನೆಯ ತಳ ಮೂರು ತಲೆಮಾರಿನಿಂದ ಅಳುತ್ತಿದ್ದದ್ದು ಎಳೆದು ಎಳೆದು ನಿಧಾನವಾದ ಬೇರೊಂದು ಹಾಡಿಗೆ. “ಅಪ್ಪನಿಗೆ ಹೇಳ್ಬೇಡ ಕಣೇ,” ಎಂದ. ಹೇಳದಿದ್ದರೆ ನನಗೆ ಉಸಿರು ಕಟ್ಟುತ್ತಿತ್ತು. ಇಲ್ಲಿ ನಾನು ನೋಡಬಹುದಾದ ಗೋಡೆಗಳನ್ನೆಲ್ಲ ನೋಡಿಯಾಗಿದೆ. ಈ ಒಂದು ಸಂಗೀತವನ್ನಾದರೂ ಅದು ಇದ್ದ ಹಾಗೆ ಕೇಳಬೇಕಿತ್ತು, ಇವನ ಕೈ ಹಿಡಿದುಕೊಂಡು.

ಮೋಟರಿನ ಕಡ್ಡಿ ಸ್ವಲ್ಪ ದಪ್ಪವಾದರೆ ತಟ್ಟೆ ಜೋರಾಗಿ ತಿರುಗುತ್ತದೆ ಎಂದು ಅವನೇ ಹೇಳಿದ. ಅದಕ್ಕೆ ಸುತ್ತಲು ಗಟ್ಟಿಯಾದ, ತೆಳುವಾದ ದಾರ ಬೇಕು. ನೂಲು ಇಲ್ಲಿ ಅಪರೂಪ. ನನ್ನ ಮಣಿಕಟ್ಟಿನಲ್ಲಿತ್ತು, ಅರಿಶಿನದ ಕಂಕಣ. ಮದುವೆ ಮುಗಿದ ಮೇಲೆ ಕಂಕಣ ಬಿಚ್ಚಿ ನೀರಿಗೆ ಬಿಡುವುದು ಪದ್ಧತಿ. ಇಲ್ಲಿ ಕುಡಿಯುವ ನೀರಿಗೆ ಏನನ್ನೂ ಹಾಕುವಂತಿಲ್ಲ, ಹಾಗಾಗಿ ಬಂಡೆಯಲ್ಲಿ ಹೊಸ ನೀರಿನ ಊಟೆ ಸಿಗುವವರೆಗೆ ಕಟ್ಟಿಕೊಂಡೇ ಇರಬೇಕು. ಬಿಚ್ಚಿದ್ದಕ್ಕೆ ಅತ್ತೆ ಏನನ್ನುತ್ತಾರೋ ಎಂಬ ಭಯದಲ್ಲೇ ಬಿಚ್ಚಿದೆ. ಮುನೀಂದ್ರ ಕಡ್ಡಿಗೆ ಸುತ್ತಿದ, ಗಂಟೆಯ ದನಿ ಕೇಳಿ ನೋಡಿದ, ಇನ್ನೊಂದು ಸುತ್ತು ಸುತ್ತಿದ.

ಮೇಲಿನಿಂದ ಈರುಳ್ಳಿ ಬರುವ ದಿನ ಎಲ್ಲರೂ ಕೇಳುಮನೆಯಲ್ಲಿದ್ದರು. ಕೇಜು ಬಂತು, ಮೂಟೆ ಇಳಿಸಿದರು, ಪಕ್ಕದ ಶಾಫ್ಟಿನಲ್ಲಿ ಗಂಟೆ ಮೂರು ಸಲ ಬಡಿಯಿತು. ಕೊನೆಯ ಗುಂಯ್ ಇನ್ನೂ ಇರುವಾಗಲೇ ನಾನು ಮುಳ್ಳು ಇಳಿಸಿದೆ. ರೆಕಾರ್ಡಿನೊಳಗಿನ ಗಂಟೆಯೂ ಮೂರು ಸಲ ಬಡಿಯಿತು. ಎರಡೂ ಒಂದೇ. ಡೆರಿಕ್ ಅಂಕಲ್ ಎದ್ದು ನಿಂತರು. ಆಮೇಲೆ ಕ್ಲ್ಯಾರಿನೆಟ್ ಚಿಮ್ಮಿಕೊಂಡು ಬಂತು, ಡ್ರಮ್ಮು ಅದರ ಹಿಂದೆ ಓಡಿತು, ರೆಕಾರ್ಡಿನೊಳಗೆ ಯಾರೋ ಸಿಳ್ಳೆ ಹಾಕಿದರು. ಇಷ್ಟು ದಿನ ನರಳಿಕೆ ಎಂದುಕೊಂಡಿದ್ದ ಸದ್ದು ಒಬ್ಬ ಮನುಷ್ಯನ ನಗು. ದುಡಿದು ಮೇಲೆ ಬಂದವರು ಕುಣಿಯುವ ಹಾಡು ಅದು.

ಹಾಡು ಮುಗಿಯಿತು. ಮಾವ ತುಂಬಾ ಹೊತ್ತು ತಟ್ಟೆಯನ್ನೇ ನೋಡುತ್ತಿದ್ದರು.

“ಅಂದ್ರೆ ಇಷ್ಟು ವರ್ಷ ಮದುವೆ ಮನೇಲಿ ಕೂತು ಅತ್ತಿದ್ದೀವಿ,” ಎಂದರು.

“ಬೇಗ ಮುಗಿದೋಯ್ತಲ್ಲ,” ಎಂದರು ಅತ್ತೆ. “ಮೊದ್ಲಿನದೇ ಇದ್ದಿದ್ರೆ ಇನ್ನೊಂದಿಷ್ಟು ಹೊತ್ತು ಇರ್ತಿತ್ತು.” ಆಮೇಲೆ ನನ್ನ ಬರಿಗೈ ನೋಡಿದರು, ಮೋಟರಿನ ಕಡ್ಡಿಯಲ್ಲಿ ಹಳದಿ ದಾರ ನೋಡಿದರು. ಬಯ್ಯಲಿಲ್ಲ. ಅದು ನನಗೆ ಬಯ್ಗುಳಕ್ಕಿಂತ ಕಷ್ಟವಾಯಿತು.

ಮಾವ ಒಂದು ತೀರ್ಮಾನ ಹೇಳಿದರು. ದಾರ ಇರಲಿ. ಆದರೆ ತಾವು ಹೋದ ದಿನ ಅದನ್ನು ಬಿಚ್ಚಿ ಹಳೆಯ ವೇಗದಲ್ಲೇ ಹಾಕಬೇಕು. “ನಂಗೆ ಅದೇ ಅಭ್ಯಾಸ ಕಣಮ್ಮಾ,” ಎಂದರು. ಒಪ್ಪಿದೆ. ಅಂದಿನಿಂದ ಅವರು ಮರುಮುದ್ರಣ ಮುಟ್ಟಿಲ್ಲ. ಅದನ್ನು ಮಾಡಿದವರು ಕೆಮ್ಮಿನ ಜೊತೆ ಗಂಟೆಯನ್ನೂ ಅಳಿಸಿದ್ದರು. ಅದೊಂದೇ ಉಳಿದಿದ್ದರೆ ನಮಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ನಾನು ಮತ್ತು ಮುನೀಂದ್ರ ಪ್ರತಿ ರಜೆಯ ದಿನ ಗೋಣಿಚೀಲದ ಗೋಡೆಗಳ ನಡುವೆ ಕುಣಿಯುತ್ತೇವೆ. ಅವನಿಗೆ ಕುಣಿಯಲು ಬರುವುದಿಲ್ಲ, ನನ್ನ ಕಾಲು ತುಳಿಯುತ್ತಾನೆ, ನನಗೆ ತುಂಬಾ ಖುಷಿ. ಖುಷಿ ಎಂದು ಬರೆದದ್ದು ಸುಳ್ಳಲ್ಲ. ಆದರೆ ಕುಣಿಯುವ ಮೊದಲು ಆ ಗಂಟೆ ಬಡಿಯುತ್ತದೆ, ಈಗ ಸರಿಯಾದ ದನಿಯಲ್ಲಿ, ನನಗೆ ಮೇಲಿನ ದಾರಿ ಮುಚ್ಚಿಕೊಂಡ ದಿನದ ದನಿಯಲ್ಲಿ. ಮೂರನೆಯ ಏಟಿಗೆ ಅವನ ಕೈ ಬಿಗಿಯಾಗಿ ಹಿಡಿಯುತ್ತೇನೆ. ಯಾಕೆಂದು ಅವನು ಕೇಳಿಲ್ಲ, ಗೊತ್ತಿದೆ ಅವನಿಗೆ. ಆ ಏಳು ಜನರಿಗೆ ಅದೇ ಗಂಟೆ ಮೇಲೆ ಹೋಗುವ ಗಂಟೆಯಾಗಿತ್ತು.

ನಿಮ್ಮಲ್ಲಿ ಒಂದು ಬೇಡಿಕೆ. ಹಾಡುಗಳನ್ನು ಮತ್ತೆ ಅಚ್ಚುಹಾಕುವಾಗ ಗಂಟೆ, ಕೆಮ್ಮು, ಕುರ್ಚಿಯ ಸದ್ದು ತೆಗೆಯಬೇಡಿ. ಯಾವುದನ್ನು ಹಿಡಿದುಕೊಂಡು ನಾವು ನಿಮ್ಮ ಬಳಿಗೆ ಬರುತ್ತೇವೋ ನಿಮಗೆ ತಿಳಿಯದು. ಮತ್ತೆ, ನೀವು ಕೆಲಸ ಮುಗಿಸಿ ಬೀದಿಗೆ ಬಂದ ಸಂಜೆ, ತಲೆಯ ಮೇಲೆ ಬಂಡೆಯಿಲ್ಲದ ಕಡೆ, ಒಂದು ಸಲ ಸರಿಯಾದ ವೇಗದಲ್ಲಿ ಕುಣಿಯಿರಿ. ನಾಚಿಕೆಯಾದರೆ ನಾಲ್ಕೇ ಹೆಜ್ಜೆ ಸಾಕು.

ಮುನೀಂದ್ರ ಕರೆಯುತ್ತಿದ್ದಾನೆ. ಸೋಸುಬಟ್ಟೆ ಬದಲಾಯಿಸಬೇಕು, ನಾಳೆಯಿಂದ ಹೊಸ ತಿಂಗಳು.

ಇತಿ ನಿಮ್ಮ ಮರಿಮರಿಮಗಳ ಸಮಾನಳಾದ,
ತಾರಿಣಿ