ಲಂಗೋಟಿ ಒಣಹಾಕುವ ಹಗ್ಗ

ಷಿಚಿಯಾವೊ ಹಳ್ಳಿ, ಝೆಜಿಯಾಂಗ್
೨೩ ಏಪ್ರಿಲ್ ೨೦೧೭

ಮುದ್ದಿನ ರೂಯಿಂಗ್,

ನಿನ್ನ ಕೆಮ್ಮು ಹೇಗಿದೆ? ಪುಟ್ಟಿಗೆ ಕೆಳಗಿನ ಹಲ್ಲು ಬಂತಾ? ಇಲ್ಲಿ ನನ್ನ ಮಂಡಿ ಒಂದು ಬಿಟ್ಟರೆ ಎಲ್ಲ ಚೆನ್ನಾಗಿದೆ. ಫೋನ್ ಇರುವಾಗ ಕಾಗದ ಯಾಕೆ ಅಂತ ನಗಬೇಡ. ಫೋನಿನಲ್ಲಿ ಕಸ ಅಂತ ಬಾಯಿ ತೆಗೆದರೆ ಸಾಕು, ಹೆತ್ತ ತಾಯಿಗೂ ಕಚೇರಿಯ ಭಾಷಣ ಶುರುಮಾಡ್ತೀಯ. ಕಾಗದದಲ್ಲಾದರೆ ನಾನೊಬ್ಬಳೇ ಮಾತಾಡಬಹುದು.

ಕಸ ಸುಟ್ಟು ಕರೆಂಟ್ ಮಾಡುವ ಕಾರ್ಖಾನೆ ನಮ್ಮೂರಿಗೆ ಬರುತ್ತೆ, ವಾಸನೆ ಇರಲ್ಲ, ಹೊಗೆಯಲ್ಲಿ ವಿಷ ಇರಲ್ಲ ಅಂತ ನೀನು ಬರೆದ ಪುಸ್ತಿಕೆ ಮನೆಮನೆಗೂ ಬಂತು. ಚಿತ್ರಗಳು ಚೆನ್ನಾಗಿವೆ ಮಗಳೇ. ಎಲ್ಲರೂ ಅದರಲ್ಲಿ ಸಾಸಿವೆ ಸೊಪ್ಪಿನ ಜಾಡಿ ಮುಚ್ಚಿದ್ದಾರೆ. ಕೋಪ ಮಾಡ್ಕೋಬೇಡ. ಊರಿಗೆ ಊರೇ ಸೊಪ್ಪು ಬಯಲಲ್ಲಿ ಒಣಗಿಸಿ ಬದುಕೋದು, ಅದರ ಮೇಲೆ ಬೂದಿ ಬಿದ್ದರೆ ಯಾರು ಕೊಳ್ತಾರೆ ಅಂತ ನಿನ್ನ ಬಾವೊಗೆನ್ ದೊಡ್ಡಪ್ಪನ ಹಟ.

ಹೋದ ವಾರ ನಿಮ್ಮ ಕಚೇರಿಯವರು ಬಸ್ ಮಾಡಿ ಪಕ್ಕದ ಜಿಲ್ಲೆಯ ಅಂಥದ್ದೇ ಕಾರ್ಖಾನೆ ತೋರಿಸೋಕೆ ಕರೆದೊಯ್ದರು. ಕಸದಿಂದ ಸೋರಿದ ನೀರನ್ನು ಶುದ್ಧಮಾಡಿದ್ದು ಅಂತ ಮ್ಯಾನೇಜರು ಒಂದು ಲೋಟ ಗಟಗಟ ಕುಡಿದ. ದೊಡ್ಡಪ್ಪ, "ಆ ಸಂಬಳ ಕೊಟ್ಟರೆ ನಾನೂ ಕುಡೀತೀನಿ" ಅಂದರು. ಮ್ಯಾನೇಜರೂ ನಕ್ಕ, ಪಾಪ. ಮಂಡಿ ನೋವು ಅಂತ ನಾನು ಹಿತ್ತಲ ಕಟ್ಟೆ ಮೇಲೆ ಕೂತೆ. ಎದುರಿಗೇ ಕಾರ್ಖಾನೆ ಕೆಲಸದವರ ಮನೆಗಳು. ಹೊಗೆಗೊಳವೆಯ ಬುಡದಲ್ಲೇ ಒಂದು ಬಾಲ್ಕನಿ ತುಂಬ ಮಗುವಿನ ಲಂಗೋಟಿಗಳು, ಬೆಳ್ಳಗೆ. ಒಬ್ಬ ಹುಡುಗಿ ಬಂದು ಒಂದೊಂದನ್ನೂ ಮೂಸಿ ನೋಡಿ, ಮಡಿಸಿಕೊಂಡು ಒಳಗೆ ಹೋದಳು. ದೊಡ್ಡಪ್ಪನನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ನೀರಿನ ಸುದ್ದಿ ಯಾರೂ ಎತ್ತಲಿಲ್ಲ, ಬರೀ ಲಂಗೋಟಿಯದ್ದೇ ಮಾತು.

ಶುಕ್ರವಾರ ಊರ ಸಭೆ, ಒಪ್ಪಿಗೆಗೆ ಹೆಬ್ಬೆಟ್ಟು ಒತ್ತಬೇಕು. ಪುಸ್ತಿಕೆ ಬರೆದವಳ ತಾಯಿ ಏನು ಮಾಡ್ತಾಳೆ ಅಂತ ಎಲ್ಲರೂ ಕಾಯ್ತಿದ್ದಾರೆ, ನಾನು ಒತ್ತಿದರೆ ಉಳಿದವರೂ ಒತ್ತುತ್ತಾರೆ.

ಒಣಸೊಪ್ಪು ಕಳಿಸಿದ್ದೀನಿ, ಹಂದಿಮಾಂಸದ ಜೊತೆ ಬೇಯಿಸು, ಉಪ್ಪು ಹಾಕಬೇಡ. ಅಳಿಯಂದಿರನ್ನು ಕೇಳಿದೆ ಅಂತ ಹೇಳು. ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು.

ನಿನ್ನ ಅಮ್ಮ,
ಚೈಫೆಂಗ್

ತಾ.ಕ.: ನಿನ್ನೆ ದೊಡ್ಡಪ್ಪ ಬಾಗಿಲಲ್ಲಿ ನಿಂತು ಮೆತ್ತಗೆ ಕೇಳಿದರು: "ರೂಯಿಂಗ್ ತನ್ನ ಮಗೂನ ಇಲ್ಲಿ ಬಿಡ್ತಾಳೇನಮ್ಮ?" ಹಾಲು ಬಿಡಿಸಿದ ಮೇಲೆ ಪುಟ್ಟಿಯನ್ನು ನನ್ನ ಹತ್ತಿರ ಬಿಡ್ತೀನಿ ಅಂದಿದ್ದೆ ನೀನು. ಕಾರ್ಖಾನೆಗೆ ನಮ್ಮೂರೇ ಅಂತ ಗೊತ್ತಾದ ಮೇಲೆ ಆ ಮಾತೇ ನಿಂತುಹೋಯಿತು. ಶುಕ್ರವಾರದೊಳಗೆ ಫೋನ್ ಮಾಡು, ಭಾಷಣ ಬೇಡ, ಹೌದು ಇಲ್ಲ ಅಷ್ಟು ಸಾಕು. ಬಿಡ್ತೀನಿ ಅಂದರೆ ಮೊದಲ ಹೆಬ್ಬೆಟ್ಟು ನನ್ನದು. ಇಲ್ಲ ಅಂದರೂ ನೀನು ನನ್ನ ಮಗಳೇ, ಆದರೆ ಒತ್ತಲ್ಲ. ಅಂಗಳದಲ್ಲಿ ಹಗ್ಗ ಕಟ್ಟಿಟ್ಟಿದ್ದೀನಿ.